ಪೀಠತ್ಯಾಗವೂ ನಿದಾನಶಲ್ಯವೂ

ಬೆಂಗಳೂರಿನಿಂದ ಶ್ರವಣಬೆಳಗೊಳಕ್ಕೆ ಹೋಗುವ ಯಾತ್ರಿಕರಿಗೆ ಕುಣಿಗಲ್ ಸರಿಸುಮಾರು ನಡುದಾರಿಯ ಊರು. ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ನಮ್ಮ ಕೆರೆಯ ಬದಿಯಲ್ಲಿ ವಾಹನ ನಿಲ್ಲಿಸಿ ದಣಿವಾರಿಸಿಕೊಂಡು ಮುಂದೆ ಸಾಗುವುದು ಅನೇಕರ ರೂಢಿ. ಈ ಹೆದ್ದಾರಿಯ ಪೂರ್ವದ ತುದಿಯಲ್ಲಿ ವಿಧಾನಸೌಧವಿದೆ. ಪಶ್ಚಿಮಕ್ಕೆ ಸಾಗಿದರೆ, ಗೆದ್ದ ರಾಜ್ಯವನ್ನು ಬಿಟ್ಟು ನಿಂತ ಬಾಹುಬಲಿಯ ಬೆಟ್ಟ. ಹನ್ನೆರಡು ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕ ಬಂದಾಗ ಆ ತುದಿಯ ಅಧಿಕಾರಸ್ಥರು ಈ ತುದಿಯ ದಿಗಂಬರನಿಗೆ ಕೈಮುಗಿಯಲು ನಮ್ಮೂರ ಮೂಲಕವೇ ಹಾದು ಹೋಗುತ್ತಾರೆ. 1981ರಲ್ಲಿ, 1993ರಲ್ಲಿ, 2006ರಲ್ಲಿ, 2018ರಲ್ಲಿ ಹೀಗೆ ಹೋದವರ ಪೈಕಿ ಎಷ್ಟು ಮಂದಿ ಮುಂದಿನ ಅಭಿಷೇಕದ ವೇಳೆಗೆ ಅದೇ ಪೀಠದಲ್ಲಿದ್ದರೆಂದು ಲೆಕ್ಕ ಹಾಕುವ ಗೋಜಿಗೆ ನಾವು ಹೋಗುವುದಿಲ್ಲ. ನಮ್ಮ ಪ್ರಶ್ನೆ ಬೇರೆಯಾಗಿದೆ. ಮನುಷ್ಯರು ಉನ್ನತ ಪದವಿಯನ್ನು ಏಕೆ ಬಯಸುತ್ತಾರೆ, ಬಿಡುವಾಗ ಏಕೆ ಬಿಡುತ್ತಾರೆ, ಬಿಟ್ಟ ಮೇಲೆ ಅವರಲ್ಲಿ ಉಳಿಯುವುದೇನು?

ಮೂರನೆಯದೇ ಕಠಿಣವಾದ ಪ್ರಶ್ನೆ. ಬಾಹುಬಲಿಯ ಕಥೆಯನ್ನು ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳಲ್ಲಿಯೂ ಅಣ್ಣನನ್ನು ಗೆದ್ದವನು ಆ ಕ್ಷಣದಲ್ಲಿಯೇ ರಾಜ್ಯವನ್ನು ತೊರೆದನು. ಸಾಮಾನ್ಯವಾಗಿ ನಾವು ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಕೈಮುಗಿಯುತ್ತೇವೆ. ನಮ್ಮ ಪರಂಪರೆ ಮಾತ್ರ ಅಲ್ಲಿಗೆ ನಿಲ್ಲಿಸಿಲ್ಲ. ಒಂದು ವರ್ಷ ಅಲುಗಾಡದೆ ನಿಂತರೂ, ಮೈಮೇಲೆ ಬಳ್ಳಿ ಹಬ್ಬಿ ಕಾಲ ಬಳಿ ಹುತ್ತ ಬೆಳೆದರೂ ಅವನಿಗೆ ಕೇವಲಜ್ಞಾನವಾಗಲಿಲ್ಲ. ತಾನು ನಿಂತ ನೆಲ ಭರತನದೆಂಬ ಒಂದು ಮುಳ್ಳು ಮನಸ್ಸಿನಲ್ಲಿ ಉಳಿದಿತ್ತೆಂದು ಅದು ಹೇಳುತ್ತದೆ. ಭರತನು ಬಂದು ಪಾದಗಳಿಗೆರಗಿದ ಮೇಲಷ್ಟೆ ಆ ಮುಳ್ಳು ಕಳಚಿತು. ಈ ಮುಳ್ಳಿಗೇ ಶಾಸ್ತ್ರದಲ್ಲಿ ಶಲ್ಯವೆಂದು ಹೆಸರು. ಮಾಯಾ, ಮಿಥ್ಯಾ, ನಿದಾನ ಎಂದು ಶಲ್ಯಗಳು ಮೂರು. ಇಲ್ಲಿ ನಿದಾನವೆಂದರೆ ನಾವು ದಿನಬಳಕೆಯಲ್ಲಿ ಹೇಳುವ ಸಾವಕಾಶವಲ್ಲ. ತಾನು ಮಾಡಿದ ತ್ಯಾಗಕ್ಕೆ ಮುಂದೆ ಇಂಥ ಫಲ ಸಿಗಲೆಂದು ಒಳಗೊಳಗೇ ಬಯಸುವುದು ನಿದಾನ. ವ್ರತವನ್ನು ಹಿಡಿದಿದ್ದರೂ ಈ ಶಲ್ಯವಿರುವವನನ್ನು ವ್ರತಿಯೆಂದು ನಮ್ಮ ಆಚಾರ್ಯರು ಒಪ್ಪಲಿಲ್ಲ.

ರಾಜಕಾರಣದ ರಾಜೀನಾಮೆಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಅನ್ಯಾಯವೆಂದು ಕೆಲವರಿಗೆ ತೋರಬಹುದು. ಮಂತ್ರಿಗಳು ಮುನಿಗಳಲ್ಲ ನಿಜ. ಆದರೆ ರಾಜೀನಾಮೆ ಕೊಡುವವರೇ ಅದನ್ನು ತ್ಯಾಗವೆಂದು ಕರೆಯುತ್ತಿರುವಾಗ ಆ ಶಬ್ದದ ಅರ್ಥವನ್ನು ನೆನಪಿಸುವ ಹಕ್ಕು ನಮಗುಂಟು.

ಇಂಗ್ಲೆಂಡಿನಲ್ಲಿ ಈ ವಿಷಯವನ್ನು ಕುರಿತ ಬರವಣಿಗೆ ವಿಪುಲವಾಗಿದೆ. ಅಲ್ಲಿನ ಮಂತ್ರಿಗಳು ದಿನಚರಿಗಳನ್ನೂ ಆತ್ಮಕಥೆಗಳನ್ನೂ ಧಾರಾಳವಾಗಿ ಬರೆದಿಟ್ಟಿರುವುದು ಇದಕ್ಕೆ ಕಾರಣ. ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ 1963ರ ಅಕ್ಟೋಬರಿನಲ್ಲಿ ಅನಾರೋಗ್ಯದ ಕಾರಣದಿಂದ ಪದವಿಯನ್ನು ಬಿಟ್ಟರು. ರೋಗ ಭಯಪಟ್ಟಷ್ಟು ಗಂಭೀರವಾಗಿರಲಿಲ್ಲ. ಆ ಮೇಲೆ ಅವರು ಇಪ್ಪತ್ತಮೂರು ವರ್ಷ ಬದುಕಿದರು, ಅವಸರಪಟ್ಟೆನೆಂಬ ಕೊರಗಿನೊಡನೆಯೇ ಬದುಕಿದರೆಂದು ಬಲ್ಲವರು ಬರೆದಿದ್ದಾರೆ. ಅದೇ ವರ್ಷ ಅವರ ಸರ್ಕಾರದ ಯುದ್ಧಮಂತ್ರಿ ಜಾನ್ ಪ್ರೊಫ್ಯೂಮೊ ತಮ್ಮ ಖಾಸಗಿ ನಡತೆಯ ವಿಷಯದಲ್ಲಿ ಸಂಸತ್ತಿಗೆ ಸುಳ್ಳು ಹೇಳಿದುದನ್ನು ಒಪ್ಪಿಕೊಂಡು ಮಂತ್ರಿಪದವಿಯನ್ನೂ ಸದಸ್ಯತ್ವವನ್ನೂ ಬಿಟ್ಟರು. ಅನಂತರ ಲಂಡನ್ನಿನ ಪೂರ್ವಭಾಗದ ಬಡವರ ನಡುವೆ ಟಾಯ್ನ್‌ಬೀ ಹಾಲ್ ಎಂಬ ಸೇವಾಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದರು. ರಾಜಕೀಯಕ್ಕೆ ಮರಳುವ ಯತ್ನವನ್ನು ಮಾಡಲಿಲ್ಲ. 2006ರಲ್ಲಿ ತೀರಿಕೊಳ್ಳುವವರೆಗೂ ಆ ಪ್ರಕರಣದ ಬಗ್ಗೆ ಸಾರ್ವಜನಿಕವಾಗಿ ಸಮರ್ಥನೆಯ ಮಾತನ್ನಾಡಲಿಲ್ಲ. 2002ರಲ್ಲಿ ಶಿಕ್ಷಣ ಮಂತ್ರಿ ಎಸ್ಟೆಲ್ ಮಾರಿಸ್, ಈ ಹುದ್ದೆಯಲ್ಲಿ ತಾನು ಆಗಬೇಕಾದಷ್ಟು ಪರಿಣಾಮಕಾರಿಯಾಗಿಲ್ಲವೆಂದು ಹೇಳಿ ಹೊರಬಂದರು. ಇಂಥ ಮಾತನ್ನು ಮಂತ್ರಿಗಳ ಬಾಯಲ್ಲಿ ಕೇಳುವುದು ಯಾವ ದೇಶದಲ್ಲಿಯೂ ಅಪರೂಪ. ತಪ್ಪಿಗಾಗಿ ಹೊರಬಿದ್ದ ಪ್ರೊಫ್ಯೂಮೊ ಅವರಲ್ಲಿ ಮರಳುವ ಹಂಬಲ ಕಾಣದು. ಯಾವ ತಪ್ಪೂ ಇಲ್ಲದೆ ಬಿಟ್ಟ ಮ್ಯಾಕ್‌ಮಿಲನ್ ಅವರಲ್ಲಿ ಮುಳ್ಳು ಉಳಿಯಿತು.

ಇನ್ನು ನಮ್ಮ ನಾಡಿಗೆ ಬರೋಣ. ದಿವಾನರ ಕಾಲದಿಂದ ಆರಂಭಿಸುವುದಾದರೆ ಸರ್ ಎಂ. ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿಯನ್ನು ಬಿಟ್ಟ ಪ್ರಸಂಗ ಮೊದಲು ನೆನಪಾಗುತ್ತದೆ. ಸರ್ಕಾರಿ ಕಾರಿನಲ್ಲಿ ಹೋಗಿ ಸ್ವಂತ ಕಾರಿನಲ್ಲಿ ಮರಳಿದರೆಂಬ ಕಥೆಯನ್ನು ಮಕ್ಕಳೂ ಬಲ್ಲರು. ಕಥೆ ಹೇಗೇ ಇರಲಿ, ಅದರ ಹಿಂದೆ ಹಿಂದುಳಿದ ಜಾತಿಗಳಿಗೆ ನೌಕರಿಯಲ್ಲಿ ಪ್ರಾತಿನಿಧ್ಯ ಕೊಡುವುದನ್ನು ಕುರಿತ ಗಾಢವಾದ ಭಿನ್ನಾಭಿಪ್ರಾಯವಿತ್ತು. ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದ್ದು ಅದೇ ವರ್ಷ. ಇಂದು ನಿಂತು ನೋಡಿದರೆ ಆ ಪ್ರಶ್ನೆಯಲ್ಲಿ ಮಹಾರಾಜರದೇ ದೂರದೃಷ್ಟಿಯೆಂದು ಈ ಲೇಖಕನ ಅಭಿಪ್ರಾಯ. ಆದರೂ ಒಪ್ಪದ ನೀತಿಯನ್ನು ಜಾರಿಗೊಳಿಸುತ್ತ ಕುರ್ಚಿಯಲ್ಲಿ ಉಳಿಯುವುದಕ್ಕಿಂತ ಹೊರಡುವುದು ಪ್ರಾಮಾಣಿಕವಾದ ನಡೆಯೇ. ನಿಲುವು ತಪ್ಪಾಗಿದ್ದರೂ ಬಿಟ್ಟ ರೀತಿ ಸರಿಯಾಗಿರಬಹುದು.

ಸ್ವಾತಂತ್ರ್ಯಾನಂತರ ಮೈಸೂರು ಚಲೋ ಚಳವಳಿಯ ಫಲವಾಗಿ 1947ರ ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು. 1952ರಲ್ಲಿ ಕೆಂಗಲ್ ಹನುಮಂತಯ್ಯನವರು ಆ ಸ್ಥಾನಕ್ಕೆ ಬಂದರು. ನಮ್ಮ ತಾಲ್ಲೂಕಿಗೆ ದೂರವಲ್ಲದ ರಾಮನಗರ ಸೀಮೆಯವರು. ಅವರ ಹೆಸರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು. ಅವರಿಗೆ ಅಧಿಕಾರದ ಆಸೆ ಇರಲಿಲ್ಲವೆಂದು ಅವರ ಅಭಿಮಾನಿಗಳೂ ಹೇಳಲಾರರು. ವಿಧಾನಸೌಧಕ್ಕೆ 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ಮಾಡಿದಾಗ ಯೋಜನೆ ಸರಳವಾಗಿತ್ತು. ಅದನ್ನು ದ್ರಾವಿಡ ಶೈಲಿಯ ಭವ್ಯ ಸೌಧವಾಗಿ ಬದಲಾಯಿಸಿದವರು ಹನುಮಂತಯ್ಯನವರು. ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅದನ್ನು ಕಲ್ಲಿನಲ್ಲಿ ಸಾಧಿಸಿದರು. ವೆಚ್ಚ ಒಂದೂಮುಕ್ಕಾಲು ಕೋಟಿ ರೂಪಾಯಿಯನ್ನು ಮೀರಿತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ವಿರೋಧಿಗಳಿಗೆ ಅದೇ ಆಯುಧವಾಯಿತು. ಹೆಬ್ಬಾಗಿಲ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಬರೆಸಿದ ಕೈ, ತನ್ನ ಹೆಸರೂ ಆ ಕಲ್ಲಿನೊಡನೆ ಉಳಿಯಲೆಂದು ಬಯಸಿರಲಿಲ್ಲವೆಂದು ಯಾರು ಪ್ರಮಾಣ ಮಾಡಿ ಹೇಳಬಲ್ಲರು?

ಆದರೆ ಇದೇ ಮನುಷ್ಯನಲ್ಲಿ ಇನ್ನೊಂದು ಮುಖವಿತ್ತು. ಕನ್ನಡ ಮಾತನಾಡುವ ಪ್ರದೇಶಗಳೆಲ್ಲ ಒಂದಾದರೆ ಹಳೆಯ ಮೈಸೂರಿನಲ್ಲಿ ಪ್ರಬಲವಾಗಿದ್ದ ಒಕ್ಕಲಿಗ ಸಮುದಾಯದ ಸಂಖ್ಯಾಬಲ ಕುಗ್ಗುವುದೆಂದು, ಹೊಸ ರಾಜ್ಯದಲ್ಲಿ ಲಿಂಗಾಯತ ಸಮುದಾಯದ ಕೈ ಮೇಲಾಗುವುದೆಂದು ಆಗ ಎಲ್ಲರಿಗೂ ತಿಳಿದಿತ್ತು. ಹಳೆಯ ಮೈಸೂರಿನ ಅನೇಕ ನಾಯಕರು ಏಕೀಕರಣವನ್ನು ವಿರೋಧಿಸಿದ್ದರ ಒಳಗುಟ್ಟು ಇದೇ. ಹನುಮಂತಯ್ಯನವರೂ ಅದೇ ಸಮುದಾಯದವರು. ವಿಲೀನದಿಂದ ತಮ್ಮ ಪೀಠದ ಕಾಲು ಅಲುಗುವುದೆಂಬುದು ಅವರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಆದಾಗ್ಯೂ ಅವರು ಏಕೀಕರಣದ ಪರ ನಿಂತರು. 1956ರ ಆಗಸ್ಟಿನಲ್ಲಿ ಸ್ವಪಕ್ಷದ ಶಾಸಕರ ವಿಶ್ವಾಸವನ್ನು ಕಳೆದುಕೊಂಡು ರಾಜೀನಾಮೆಯಿತ್ತರು. ಅದೇ ವರ್ಷ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾದಾಗ ಅದರ ಮುಖ್ಯಮಂತ್ರಿಯಾಗಿ ನಿಂತವರು ಎಸ್. ನಿಜಲಿಂಗಪ್ಪನವರು. ಸೌಧವನ್ನು ಕಟ್ಟಿಸಿದವರಿಗೆ ಅಲ್ಲಿ ಕುಳಿತು ಒಂದಾದ ನಾಡನ್ನು ಆಳುವ ಯೋಗ ಬರಲಿಲ್ಲ.

ಹನುಮಂತಯ್ಯನವರು ಪದವಿಯನ್ನು ಬಿಟ್ಟುದು ತ್ಯಾಗವಲ್ಲ, ಒತ್ತಾಯ. ಇದನ್ನು ಮರೆಮಾಚಬೇಕಾಗಿಲ್ಲ. ಆದರೆ ಏಕೀಕರಣಕ್ಕೆ ಒಪ್ಪಿದಾಗಲೇ ಅವರು ಪದವಿಯ ಭದ್ರತೆಯನ್ನು ಬಿಟ್ಟಾಗಿತ್ತು. ಆ ಒಪ್ಪಿಗೆಯನ್ನು ಯಾರೂ ಒತ್ತಾಯಿಸಿ ಪಡೆದುದಲ್ಲ. ಇತಿಹಾಸಕಾರರು ರಾಜೀನಾಮೆಯ ದಿನಾಂಕವನ್ನು ಗುರುತಿಸುತ್ತಾರೆ. ನಿಜವಾದ ಬಿಡುಗಡೆ ಅದಕ್ಕೆ ಎಷ್ಟೋ ದಿನ ಮೊದಲು, ಯಾವ ದಾಖಲೆಯಲ್ಲಿಯೂ ಸೇರದೆ ನಡೆದಿರಬಹುದು. ಕೀರ್ತಿಯ ಬಯಕೆ ಮತ್ತು ಸ್ವಾರ್ಥದ ತಿರಸ್ಕಾರ ಒಂದೇ ಎದೆಯಲ್ಲಿ ವಾಸಿಸಿದುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮಗೆ ತೋರದು. ಒಂದು ವಸ್ತುವನ್ನು ಹಲವು ನೆಲೆಗಳಿಂದ ನೋಡಬೇಕೆಂಬ ಅನೇಕಾಂತದ ಪಾಠ ಮನುಷ್ಯರನ್ನು ತೂಗುವಾಗಲೂ ಬೇಕಾಗುತ್ತದೆ.

ಅವರ ನಂತರ ಕಡಿದಾಳ್ ಮಂಜಪ್ಪನವರು ಏಕೀಕರಣದವರೆಗೆ ಮುಖ್ಯಮಂತ್ರಿಗಳಾದರು. ಎರಡೂವರೆ ತಿಂಗಳು ಕೂಡ ತುಂಬದ ಆ ಅವಧಿ ಅಲ್ಪವೆಂದು ತಿಳಿದೇ ಒಪ್ಪಿಕೊಂಡರು. ಅವರ ಹೆಸರು ಉಳಿದಿರುವುದು ಆ ದಿನಗಳಿಂದಲ್ಲ. ಕಂದಾಯ ಮಂತ್ರಿಯಾಗಿ ಇನಾಂ ರದ್ದತಿಗೂ ಗೇಣಿದಾರರ ಹಿತಕ್ಕೂ ದುಡಿದುದರಿಂದ.

1962ರ ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆ ವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷಕ್ಕೆ ಬಹುಮತ ಬಂದರೂ ನಿಜಲಿಂಗಪ್ಪನವರೇ ಹೊಸದುರ್ಗದಲ್ಲಿ ಸೋತರು. ಪಕ್ಷದಲ್ಲಿ ಆಗ ಎರಡು ಬಳಗಗಳು. ಒಂದು, 1958ರಲ್ಲಿ ನಿಜಲಿಂಗಪ್ಪನವರ ನಂತರ ಬಂದು ನಾಲ್ಕು ವರ್ಷ ಆಳಿದ್ದ ಬಿ.ಡಿ. ಜತ್ತಿಯವರದು, ಮತ್ತೊಂದು ನಿಜಲಿಂಗಪ್ಪನವರದು. ಸೋತ ನಾಯಕ ಸಭೆಯೊಳಗೆ ಬರುವವರೆಗೆ ಪೀಠವನ್ನು ಕಾಯುವವರೊಬ್ಬರು ಬೇಕಾಗಿತ್ತು. ಹಾಗೆ ಮುಂದೆ ಬಂದವರು ಶಿವಲಿಂಗಪ್ಪ ರುದ್ರಪ್ಪ ಕಂಠಿ, ಅಂದಿನ ಬಿಜಾಪುರ ಜಿಲ್ಲೆಯ ಹುನಗುಂದದ ಪ್ರತಿನಿಧಿ. ಅಲ್ಲಿಯವರೆಗೆ ಅವರು ವಿಧಾನಸಭೆಯ ಅಧ್ಯಕ್ಷರಾಗಿದ್ದರು. ಪಕ್ಷಾತೀತವಾಗಿ ಕುಳಿತು ಇತರರ ಮಾತಿಗೆ ಅವಕಾಶ ಕೊಡುವುದೇ ಆ ಸ್ಥಾನದ ಕೆಲಸ. 1962ರ ಮಾರ್ಚಿ 14ರಂದು ಮುಖ್ಯಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದರು. ಬಾಗಲಕೋಟೆಯ ಸ್ಥಾನ ತೆರವಾಗಿ ನಿಜಲಿಂಗಪ್ಪನವರು ಅಲ್ಲಿಂದ ಆರಿಸಿ ಬಂದೊಡನೆ, ಜೂನ್ ತಿಂಗಳಲ್ಲಿ ಕಂಠಿಯವರು ಎದ್ದು ಸ್ಥಾನವನ್ನು ಅವರಿಗೆ ಬಿಟ್ಟುಕೊಟ್ಟರು. ಮೂರು ತಿಂಗಳು ಕಳೆದು ಕೆಲವೇ ದಿನಗಳಾಗಿದ್ದುವು.

ಜನ ಅವರನ್ನು ರಾಮಾಯಣದ ಭರತನಿಗೆ ಹೋಲಿಸಿದರು. ಹೋಲಿಕೆ ಸಹಜವೇ. ಆದರೆ ನಮಗೆ ಇಬ್ಬರು ಭರತರು ಪರಿಚಿತರು. ಒಬ್ಬನು ಅಣ್ಣನ ಪಾದುಕೆಯನ್ನಿಟ್ಟು ರಾಜ್ಯವನ್ನು ಕಾದನು. ಇನ್ನೊಬ್ಬನು ಷಟ್ಖಂಡಗಳನ್ನು ಗೆದ್ದು ಬಂದು ತಮ್ಮಂದಿರ ಪಾಲನ್ನೂ ಬಯಸಿದನು. ಕುರ್ಚಿಯಲ್ಲಿ ಕುಳಿತ ಮೂರು ತಿಂಗಳಲ್ಲಿ ಮೊದಲನೆಯ ಭರತ ಎರಡನೆಯವನಾಗಿ ಮಾರ್ಪಡಲು ಎಷ್ಟು ಹೊತ್ತು ಬೇಕು? ದಿನವೂ ಕಡತಗಳು ಎದುರಿಗೆ ಬರುತ್ತವೆ, ಅಧಿಕಾರಿಗಳು ಎದ್ದು ನಿಲ್ಲುತ್ತಾರೆ, ನೀವೇ ಮುಂದುವರಿಯಬೇಕೆಂದು ಹೇಳುವ ಹಿತೈಷಿಗಳಿಗೆ ಎಂದೂ ಬರವಿರುವುದಿಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು. ಕಂಠಿಯವರಿಗೆ ಸ್ವಂತ ಬಳಗವಿರಲಿಲ್ಲ. ಬಿಡಲಾರೆನೆಂದಿದ್ದರೆ ನಿಜಲಿಂಗಪ್ಪನವರ ಬೆಂಬಲಿಗರೇ ಅವರನ್ನು ಇಳಿಸುತ್ತಿದ್ದರು. ಆದ್ದರಿಂದ ಇದು ತ್ಯಾಗವಲ್ಲ, ಅಶಕ್ತಿಯೆಂಬುದು ಆ ಮಾತು. ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅಶಕ್ತಿಯಿಂದ ಬಿಟ್ಟುದಕ್ಕೂ ವಿರಕ್ತಿಯಿಂದ ಬಿಟ್ಟುದಕ್ಕೂ ಹೊರಗಿನ ಆಕಾರ ಒಂದೇ. ಎರಡನ್ನೂ ಬೇರ್ಪಡಿಸಿ ನೋಡಲು ಬಿಟ್ಟ ಕ್ಷಣ ಸಾಲದು, ಬಿಟ್ಟ ನಂತರದ ದಿನಗಳನ್ನು ನೋಡಬೇಕು. ಒಮ್ಮೆ ಮುಖ್ಯಮಂತ್ರಿಯಾದವರು ಕೆಳಗಿನ ಸ್ಥಾನಕ್ಕೆ ಒಪ್ಪುವುದು ನಮ್ಮಲ್ಲಿ ವಿರಳ. ಒಪ್ಪಿದರೂ ಮುಖ ಗಂಟಿಕ್ಕಿರುತ್ತದೆ. ಕಂಠಿಯವರು ತಾವು ಯಾರಿಗೆ ಪೀಠವನ್ನು ಬಿಟ್ಟರೋ ಅವರ ಸಂಪುಟದಲ್ಲಿಯೇ ಶಿಕ್ಷಣ ಮಂತ್ರಿಯಾದರು. 1963ರಲ್ಲಿ ಬಿಜಾಪುರದಲ್ಲಿ ಸೈನಿಕ ಶಾಲೆ ಆರಂಭವಾದುದರ ಹಿಂದೆ ಅವರ ಶ್ರಮವಿತ್ತು. ನನ್ನದಾಗಿದ್ದ ಪೀಠವೆಂಬ ಲೆಕ್ಕವನ್ನು ಅವರು ಮುಂದೆ ಎಂದಾದರೂ ತೆಗೆದುದಾಗಿ ಕಂಡುಬರುವುದಿಲ್ಲ. 1969ರ ಡಿಸೆಂಬರಿನಲ್ಲಿ ಅವರು ನಿಧನರಾದರು. ನಮ್ಮ ಭಾಗದಲ್ಲಿ ಮಾಜಿ ಮುಖ್ಯಮಂತ್ರಿಗಳ ಹೆಸರನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಅವರನ್ನು ಬಿಟ್ಟೇ ಎಣಿಸುತ್ತಾರೆ. ನಿಕ್ಷೇಪವನ್ನು ಮರಳಿಸಿದವರನ್ನು ಊರು ಬಹುಕಾಲ ನೆನೆಯುವುದಿಲ್ಲ. ನುಂಗಿದವರ ಹೆಸರು ಮೂರು ತಲೆಮಾರಿಗೂ ಉಳಿಯುತ್ತದೆ.

ರಾಮಕೃಷ್ಣ ಹೆಗಡೆಯವರ ವಿಷಯ ಇದಕ್ಕಿಂತ ತೊಡಕಿನದು. 1983ರ ಜನವರಿಯಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದರು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ನಾಲ್ಕು ಮಾತ್ರ ದಕ್ಕಿದಾಗ, ಜನಾದೇಶ ತಮ್ಮ ಕಡೆಗಿಲ್ಲವೆಂದು ರಾಜೀನಾಮೆ ಕೊಟ್ಟು ವಿಧಾನಸಭಾ ಚುನಾವಣೆಗೆ ಹೋದರು. ಕಾನೂನು ಅದನ್ನು ಕೇಳಿರಲಿಲ್ಲ. ನಾಡು ಮೆಚ್ಚಿತು, 1985ರ ಮಾರ್ಚಿಯಲ್ಲಿ 139 ಸ್ಥಾನಗಳನ್ನು ಕೊಟ್ಟು ಕಳುಹಿಸಿತು. ಮೊದಲು ಬೇರೆ ಪಕ್ಷಗಳ ಬೆಂಬಲದ ಮೇಲೆ ನಿಂತಿದ್ದ ಸರ್ಕಾರಕ್ಕೆ ಸ್ವಂತ ಬಹುಮತ ದೊರೆಯಿತು. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಗಳ ವಿಷಯದಲ್ಲಿ ಹೈಕೋರ್ಟು ಟೀಕೆ ಮಾಡಿದಾಗ ಎರಡನೆಯ ಬಾರಿ ರಾಜೀನಾಮೆ ಕೊಟ್ಟರು, ಮೂರು ದಿನಗಳಲ್ಲಿ ಹಿಂತೆಗೆದುಕೊಂಡರು. 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ಪ್ರಕರಣದಲ್ಲಿ ಮೂರನೆಯ ಬಾರಿ ಬಿಟ್ಟರು. ಈ ಬಾರಿ ಮರಳಲಾಗಲಿಲ್ಲ.

ಮೂರರಲ್ಲಿ ಮೊದಲನೆಯದು ನಿಷ್ಠೆಯ ನಡೆಯೋ ಜಾಣ್ಮೆಯ ನಡೆಯೋ ಎಂಬ ಚರ್ಚೆ ಅಂದಿನ ಹೋಟೆಲುಗಳಲ್ಲಿ ಕಾಫಿ ಆರುವವರೆಗೂ ನಡೆಯುತ್ತಿತ್ತು. ಎರಡೂ ಆಗಿತ್ತೆಂದೇ ನಮ್ಮ ಎಣಿಕೆ. ಒಂದು ಇದ್ದುದರಿಂದ ಮತ್ತೊಂದು ಸುಳ್ಳಾಗುವುದಿಲ್ಲ. ಆದರೆ ಬಿಟ್ಟುದು ಹೆಚ್ಚಾಗಿ ಮರಳಿ ಬಂದುದನ್ನು ಒಮ್ಮೆ ಕಂಡ ಮನಸ್ಸಿಗೆ, ಎರಡನೆಯ ಸಲ ಬಿಡುವಾಗ ಆ ನೆನಪು ಬಾರದಿರಲು ಹೇಗೆ ಸಾಧ್ಯ? ನಿದಾನಶಲ್ಯ ಚುಚ್ಚಿಕೊಳ್ಳುವ ಬಗೆ ಇದೇ. ಅದು ದುಷ್ಟರಿಗೆ ಮಾತ್ರ ಬರುವ ರೋಗವಲ್ಲ; ಒಳ್ಳೆಯ ಕೆಲಸಕ್ಕೆ ಒಮ್ಮೆ ಪ್ರತಿಫಲ ಉಂಡವರಿಗೇ ಬರುವ ರೋಗ. ಉಪವಾಸದ ಮರುದಿನ ಊರವರು ಹೊಗಳಿದರೆ ಮುಂದಿನ ಉಪವಾಸ ಸುಲಭವೂ ಆಗುತ್ತದೆ, ಮಲಿನವೂ ಆಗುತ್ತದೆ. ಪರ್ಯೂಷಣದ ದಿನಗಳಲ್ಲಿ ನಮ್ಮ ನಮ್ಮ ಮನೆಗಳಲ್ಲಿಯೇ ಇದನ್ನು ಕಾಣಬಹುದಾದುದರಿಂದ ಹೆಗಡೆಯವರೊಬ್ಬರ ಮೇಲೆ ಕಲ್ಲೆಸೆಯುವುದು ತರವಲ್ಲ. ಅವರು ಸಮರ್ಥರು, ಸುಸಂಸ್ಕೃತರು. ಅವರ ಕಾಲದ ಪಂಚಾಯಿತಿ ವ್ಯವಸ್ಥೆಯ ಸುಧಾರಣೆ ಹಳ್ಳಿಗಳಿಗೆ ಮಾಡಿದ ಉಪಕಾರ ದೊಡ್ಡದು.

ಮುಂದಿನ ಕಾಲಕ್ಕೆ ಬಂದರೆ, 2006ರ ಫೆಬ್ರವರಿಯಲ್ಲಿ ಜಾತ್ಯತೀತ ಜನತಾದಳ, ಭಾರತೀಯ ಜನತಾ ಪಕ್ಷಗಳು ತಲಾ ಇಪ್ಪತ್ತು ತಿಂಗಳು ಮುಖ್ಯಮಂತ್ರಿ ಸ್ಥಾನವನ್ನು ಹಂಚಿಕೊಳ್ಳುವುದಾಗಿ ಒಪ್ಪಿ ಸರ್ಕಾರ ರಚಿಸಿದುದು, 2007ರ ಅಕ್ಟೋಬರಿನಲ್ಲಿ ಹಸ್ತಾಂತರದ ಹೊತ್ತಿಗೆ ಆ ಒಪ್ಪಂದ ಮುರಿದುದು ಎಲ್ಲರಿಗೂ ತಿಳಿದೇ ಇದೆ. ಎರಡೂ ಕಡೆಯವರಿಗೆ ತಮ್ಮ ತಮ್ಮ ಕಾರಣಗಳಿದ್ದುವು. ಅವುಗಳ ಸತ್ಯಾಸತ್ಯತೆಯ ವಿಚಾರ ಇಲ್ಲಿ ಬೇಡ. ನಲವತ್ತೈದು ವರ್ಷಗಳ ಹಿಂದೆ, ಇದೇ ಕಟ್ಟಡದಲ್ಲಿ, ಇದೇ ಬಗೆಯ ಒಂದು ಮಾತು ನಡೆದಿತ್ತೆಂಬುದನ್ನು ಆಗ ನೆನಪಿಸಿಕೊಂಡವರು ಬಹಳ ಕಡಿಮೆ.

ಹಿಂದಿನವರೆಲ್ಲ ನಿರ್ಮಲರು, ಇಂದಿನವರೆಲ್ಲ ಲೋಭಿಗಳೆಂದು ಇದರಿಂದ ತೀರ್ಮಾನಿಸುವವರಿಗಾಗಿ, ನಮ್ಮೂರ ರಸ್ತೆಯ ಪಶ್ಚಿಮದ ತುದಿಗೆ ಹೋಗಿ ಒಂದು ಶಾಸನವನ್ನು ನೋಡುವುದು ಒಳ್ಳೆಯದು. ಗಂಗರ ದೊರೆ ಎರಡನೆಯ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಕ್ರಿ.ಶ. 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನ ಆಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟನು. ಗೊಮ್ಮಟನನ್ನು ಕಡೆಸಿದ ಚಾವುಂಡರಾಯನು ಇವನ ಮಂತ್ರಿಯೂ ಸೇನಾನಿಯೂ ಆಗಿದ್ದವನು. ಮಾರಸಿಂಹನ ತ್ಯಾಗವನ್ನು ನಾವು ಗೌರವದಿಂದ ನೆನೆಯುತ್ತೇವೆ. ಆದರೆ ಅದರ ಹಿಂದಿನ ವರ್ಷವೇ ಏನು ನಡೆದಿತ್ತೆಂಬುದನ್ನು ಮರೆಯುವಂತಿಲ್ಲ. ಅವನ ಜೀವಮಾನದ ಆಸರೆಯಾಗಿದ್ದ ರಾಷ್ಟ್ರಕೂಟ ಸಾಮ್ರಾಜ್ಯವನ್ನು ಚಾಲುಕ್ಯ ತೈಲಪನು 973ರಲ್ಲಿ ಕೆಡವಿದ್ದನು. ತನ್ನ ಸೋದರಳಿಯನಾದ ನಾಲ್ಕನೆಯ ಇಂದ್ರನನ್ನು ಆ ಸಿಂಹಾಸನದಲ್ಲಿ ನಿಲ್ಲಿಸಲು ಮಾರಸಿಂಹನು ಮಾಡಿದ ಯತ್ನ ಕೈಗೂಡಲಿಲ್ಲ. ಹಾಗಾದರೆ ಅವನು ಬಿಟ್ಟುದು ವೈರಾಗ್ಯದಿಂದಲೋ, ಸೋಲಿನಿಂದಲೋ? ಸೋಲೇ ಅವನಿಗೆ ವೈರಾಗ್ಯದ ಬಾಗಿಲಾಗಿರಬಹುದು. ಆ ಬಾಗಿಲ ತನಕ ಬಂದು ಒಳಗೆ ಹೋಗದೆ ಮತ್ತೊಂದು ಯುದ್ಧಕ್ಕೆ ತಿರುಗಿದ ಅರಸರು ನೂರಾರು. ಅವನು ಒಳಗೆ ಹೋದನು. ಇಂದ್ರನೂ 982ರಲ್ಲಿ ಬೆಳಗೊಳದಲ್ಲಿ ಅದೇ ವ್ರತವನ್ನು ಹಿಡಿದು ಮುಡಿಪಿದನು.

ಮಾರಸಿಂಹನ ಆ ಶಾಸನ ಚಂದ್ರಗಿರಿಯಲ್ಲಿ, ಬಸದಿಗಳ ಆವರಣದ ಬಾಗಿಲ ಬಳಿಯ ಕೂಗೆ ಬ್ರಹ್ಮದೇವ ಕಂಬದ ಮೇಲಿದೆ. ದೊಡ್ಡ ಬೆಟ್ಟವನ್ನು ಹತ್ತಿ ಇಳಿದ ಯಾತ್ರಿಕರಲ್ಲಿ ಬಹುಮಂದಿ ಬಸ್ಸಿನ ಹೊತ್ತಾಯಿತೆಂದು ಈ ಸಣ್ಣ ಬೆಟ್ಟದ ಕಡೆಗೆ ಬರುವುದೇ ಇಲ್ಲ. ಬಂದವರಿಗೂ ಹಳೆಯ ಲಿಪಿ ಓದಲು ಬರುವುದಿಲ್ಲ. ಓದಿ ಹೇಳುವವರು ಸಿಕ್ಕರೆ ಕೇಳಬೇಕು. ಅವನು ಯಾರು ಯಾರನ್ನು ಗೆದ್ದನು, ಯಾವ ಯಾವ ಕೋಟೆಗಳ ಮೇಲೆ ಏರಿಹೋದನು ಎಂಬ ಬಿರುದಾವಳಿ ಸಾಲು ಸಾಲಾಗಿ ದೀರ್ಘವಾಗಿ ಸಾಗುತ್ತದೆ. ರಾಜ್ಯವನ್ನು ಬಿಟ್ಟು ಬಂಕಾಪುರದಲ್ಲಿ ಗುರುವಿನ ಪಾದಗಳ ಬಳಿ ಮೂರು ದಿನ ವ್ರತದಲ್ಲಿದ್ದ ಸಂಗತಿ ಕೊನೆಗೆ ಬರುತ್ತದೆ, ಕೆಲವೇ ಮಾತುಗಳಲ್ಲಿ.